ನೋಡುವವರನ್ನು ದಡ್ಡರು ಅಂದುಕೊಳ್ಳದ ಸಿನಿಮಾಗಳು

ಕೇಳುಗರಿಗೆಲ್ಲ ನಮಸ್ಕಾರ. ಹಾಲಿವುಡ್‌ನ ಹಳೇ ಪ್ರೇಮ ಹಾಸ್ಯ ಚಿತ್ರಗಳ ಬಗ್ಗೆ ಇವತ್ತು ಮಾತಾಡೋಣ. ಎಲ್ಲಾ ಹಳೇ ಚಿತ್ರಗಳಲ್ಲ. 1930ರಿಂದ 1934ರ ಮಧ್ಯದವರೆಗೆ, ಸುಮಾರು ನಾಲ್ಕು ವರ್ಷದಲ್ಲಿ ಬಂದವು ಮಾತ್ರ. ಅವುಗಳ ಬಗ್ಗೆ ನಾನು ಹೇಳಬೇಕಾದ್ದು ಒಂದೇ ಮಾತು. ಅವು ನೋಡುವವರನ್ನು ದಡ್ಡರು ಅಂದುಕೊಳ್ಳುವುದಿಲ್ಲ.

ಸೆನ್ಸಾರ್ ಬಿಗಿಯಾಗುವ ಮುಂಚಿನ ಚಿತ್ರ ಅಂದ ಕೂಡಲೇ ಕೆಲವರು ಕಣ್ಣರಳಿಸುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಎರಡೂ ಬೇಡ. ಮೈ ತೋರಿಸುವುದನ್ನು ಹುಡುಕಿಕೊಂಡು ಹೋದರೆ ನಿಮಗೆ ಏನೂ ಸಿಗುವುದಿಲ್ಲ, ಅಲ್ಲಿರುವುದು ಮಾತು, ಕಣ್ಣಿನ ಆಟ, ಒಂದು ಬಾಗಿಲು ಮುಚ್ಚುವ ರೀತಿ. ಉಳಿದದ್ದು ನಮಗೆ ಅರ್ಥವಾಗುತ್ತದೆ ಅಂತ ಆ ನಿರ್ದೇಶಕರು ನಂಬಿದ್ದರು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಚಿತ್ರಗಳಲ್ಲಿ ಏನಿರಬಾರದು ಅಂತ ಅಮೆರಿಕದ ನಿರ್ಮಾಪಕರೇ 1930ರ ಮಾರ್ಚ್‌ನಲ್ಲಿ ಒಂದು ನಿಯಮಾವಳಿ ಒಪ್ಪಿಕೊಂಡರು. ಹೇಸ್ ಕೋಡ್ ಅಂತ ಅದಕ್ಕೆ ಹೆಸರು. ಒಪ್ಪಿಕೊಂಡರು, ಆದರೆ ಸರಿಯಾಗಿ ಪಾಲಿಸಲಿಲ್ಲ. ಆರ್ಥಿಕ ಕುಸಿತದ ಕಾಲ ಅದು, ಥಿಯೇಟರ್‌ಗೆ ಜನ ಬಂದರೆ ಸಾಕಾಗಿತ್ತು. 1934ರ ಜುಲೈನಲ್ಲಿ, ಈ ನಿಯಮಾವಳಿ ಜಾರಿ ಮಾಡುವ ಜೋಸೆಫ್ ಬ್ರೀನ್ ಅವರ ಕಚೇರಿ ಬಿಗಿ ಹಿಡಿಯಿತು. ಅವರ ಪ್ರಮಾಣಪತ್ರ ಇಲ್ಲದೆ ಚಿತ್ರ ಬಿಡುಗಡೆ ಮಾಡಿದರೆ 25,000 ಡಾಲರ್ ದಂಡ. ತೆರೆಯ ಮೇಲೆ ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕಿತ್ತು.

ಈಗ ನನ್ನ ಅಚ್ಚುಮೆಚ್ಚಿನ ದೃಶ್ಯಕ್ಕೆ ಬರುತ್ತೇನೆ. 1932ರ ಚಿತ್ರ, ಹೆಸರು 'ಟ್ರಬಲ್ ಇನ್ ಪ್ಯಾರಡೈಸ್'. ನಿರ್ದೇಶಕ ಅರ್ನ್ಸ್ಟ್ ಲುಬಿಚ್, ಬರ್ಲಿನ್‌ನ ದರ್ಜಿಯೊಬ್ಬರ ಮಗ. ವೆನಿಸ್‌ನ ದೊಡ್ಡ ಹೋಟೆಲ್. ಬಾಲ್ಕನಿಯಲ್ಲಿ ಒಬ್ಬ ಬ್ಯಾರನ್, ಅಂದರೆ ಯುರೋಪಿನ ದೊಡ್ಡ ಮನೆತನದವನು, ನಿಂತಿದ್ದಾನೆ. ನಟ ಹರ್ಬರ್ಟ್ ಮಾರ್ಷಲ್. ರಾತ್ರಿಯೂಟಕ್ಕೆ ಅಂಥದೇ ಮನೆತನದ ಒಬ್ಬ ಕೌಂಟೆಸ್ ಬರುವವಳಿದ್ದಾಳೆ. ಆ ಚಂದ್ರ ಶಾಂಪೇನ್‌ನಲ್ಲಿ ಕಾಣಿಸಬೇಕು ಅಂತ ಅವನು ವೇಟರ್‌ಗೆ ಹೇಳುತ್ತಾನೆ. ವೇಟರ್ ಅದನ್ನೂ ಆರ್ಡರ್ ಪುಸ್ತಕದಲ್ಲಿ ಶ್ರದ್ಧೆಯಿಂದ ಬರೆದುಕೊಳ್ಳುತ್ತಾನೆ!

ಕೌಂಟೆಸ್ ಬರುತ್ತಾಳೆ. ಮಿರಿಯಮ್ ಹಾಪ್ಕಿನ್ಸ್ ಈ ಪಾತ್ರದಲ್ಲಿ ಎಷ್ಟು ಚುರುಕು ಅಂತೀರಿ. ಇಬ್ಬರೂ ಊಟಕ್ಕೆ ಕೂರುತ್ತಾರೆ. ಆಮೇಲೆ ಅವಳು ತಣ್ಣಗೆ ಹೇಳುತ್ತಾಳೆ, ನೀವು ಬ್ಯಾರನ್ ಅಲ್ಲ, ಕಳ್ಳ, ಇದೇ ಹೋಟೆಲ್‌ನ ಅತಿಥಿಯನ್ನು ದೋಚಿದವರು ನೀವೇ ಅಂತ. ಅದೇ ಉಸಿರಿನಲ್ಲಿ ಉಪ್ಪು ಕೊಡಿ ಅನ್ನುತ್ತಾಳೆ. ಅವನು ಉಪ್ಪು ಕೊಡುತ್ತಾನೆ. ಕೊಟ್ಟು, ನೀವೂ ಕಳ್ಳಿಯೇ, ಆ ಅತಿಥಿಯ ಪರ್ಸನ್ನು ನನ್ನ ಜೇಬಿನಿಂದ ನೀವು ಎಗರಿಸಿದ್ದು ನನಗೆ ಗೊತ್ತು ಅನ್ನುತ್ತಾನೆ. ಎದ್ದು ಹೋಗಿ ಬಾಗಿಲಿಗೆ ಬೀಗ ಹಾಕುತ್ತಾನೆ, ಪರದೆ ಎಳೆಯುತ್ತಾನೆ. ಈಗೇನು ಗತಿ ಅಂತ ನಾವು ನೋಡುತ್ತಿದ್ದರೆ, ಅವಳ ಭುಜ ಹಿಡಿದು ಜೋರಾಗಿ ಅಲ್ಲಾಡಿಸುತ್ತಾನೆ, ಪರ್ಸು ದೊಪ್ಪನೆ ಕೆಳಗೆ ಬೀಳುತ್ತದೆ. ಇಬ್ಬರೂ ಏನೂ ಆಗದವರಂತೆ ಮತ್ತೆ ಊಟಕ್ಕೆ ಕೂರುತ್ತಾರೆ!

ಅಲ್ಲಿಗೆ ಮುಗಿಯಲಿಲ್ಲ. ಅವಳ ಪಿನ್ನನ್ನು ಅವನು ವಾಪಸ್ ಕೊಡುತ್ತಾನೆ, ಅವಳಿಗೆ ಹೋದದ್ದೇ ಗೊತ್ತಿರಲಿಲ್ಲ. ಅವಳು ಟೈಮ್ ಎಷ್ಟು ಅಂತ ಕೇಳುತ್ತಾಳೆ, ಅವನು ಜೇಬಿಗೆ ಕೈ ಹಾಕಿದರೆ ವಾಚಿಲ್ಲ. ವಾಚು ಅವಳ ಹತ್ತಿರ ಇದೆ, ಐದು ನಿಮಿಷ ಹಿಂದಿತ್ತು, ಸರಿಮಾಡಿದ್ದೇನೆ ಅಂತ ಹೇಳಿ ಕೊಡುತ್ತಾಳೆ. ಕೊನೆಗೆ ಅವನು, ನಿಮ್ಮ ಕಾಲುಚೀಲದ ಪಟ್ಟಿ ಮಾತ್ರ ನಾನೇ ಇಟ್ಟುಕೊಳ್ಳುತ್ತೇನೆ ಅನ್ನುತ್ತಾನೆ. ಅವಳು ಮೇಜಿನ ಕೆಳಗೆ ಕೈ ಹಾಕಿ ನೋಡಿಕೊಳ್ಳುತ್ತಾಳೆ. ಪಟ್ಟಿ ಇಲ್ಲ. ಅಷ್ಟೇ, ಎದ್ದು ಹೋಗಿ ಅವನ ಕೊರಳಿಗೆ ಬೀಳುತ್ತಾಳೆ.

ನೋಡಿ, ಪ್ರೀತಿ ಹುಟ್ಟಿದ್ದು ಹೀಗೆ. ನಿನ್ನನ್ನು ಪ್ರೀತಿಸುತ್ತೇನೆ ಅಂತ ಉದ್ದುದ್ದ ಡೈಲಾಗ್ ಇಲ್ಲ. ಒಬ್ಬರ ಕೈಚಳಕವನ್ನು ಇನ್ನೊಬ್ಬರು ಮೆಚ್ಚಿಕೊಂಡರು, ಸರಿಸಮ ಅಂತ ಗೊತ್ತಾಯಿತು. ಆಮೇಲೆ ಇಬ್ಬರೂ ಸೋಫಾದಲ್ಲಿರುತ್ತಾರೆ, ನೋಡನೋಡುತ್ತಿದ್ದಂತೆ ಸೋಫಾ ಖಾಲಿಯಾಗುತ್ತದೆ. ಯಾರೂ ತೊಂದರೆ ಕೊಡಬೇಡಿ ಅನ್ನುವ ಫಲಕವನ್ನು ಒಂದು ಕೈ ಬಾಗಿಲಿಗೆ ನೇತುಹಾಕುತ್ತದೆ. ಏನನ್ನೂ ತೋರಿಸಲಿಲ್ಲ, ಎಲ್ಲಾ ಗೊತ್ತಾಯಿತು. ನೋಡುವವರು ದಡ್ಡರಲ್ಲ ಅಂತ ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕೇ.

ಈ ಕಳ್ಳರು ಜೈಲಿಗೆ ಹೋಗುವುದಿಲ್ಲ. ಖುಷಿಯಾಗಿ ಟ್ಯಾಕ್ಸಿ ಹತ್ತಿ ಹೋಗುತ್ತಾರೆ. ಬ್ರೀನ್ ಕಚೇರಿಗೆ ಇದೆಲ್ಲ ಹಿಡಿಸಲಿಲ್ಲ. 1935ರಲ್ಲಿ ಪ್ಯಾರಮೌಂಟ್ ಸ್ಟುಡಿಯೋ ಇದನ್ನು ಮತ್ತೆ ಬಿಡುಗಡೆ ಮಾಡಲು ಹೊರಟಾಗ ಅನುಮತಿ ಸಿಗಲಿಲ್ಲ. ಇಷ್ಟು ಸೊಗಸಾದ ಚಿತ್ರ ದಶಕಗಳ ಕಾಲ ಜನರ ಕಣ್ಣಿಗೆ ಬೀಳಲಿಲ್ಲ. ನನಗೆ ಈಗಲೂ ಸಂಕಟವಾಗುತ್ತದೆ.

ಸಮಯ ಕಡಿಮೆಯಿದೆ, ಬೇಗ ಬೇಗ ಹೇಳಿಬಿಡುತ್ತೇನೆ. ಈ ಚಿತ್ರಗಳ ಹೆಂಗಸರನ್ನು ಗಮನಿಸಿ. 1933ರ 'ಡಿಸೈನ್ ಫಾರ್ ಲಿವಿಂಗ್' ಕೂಡ ಲುಬಿಚ್ ಅವರದ್ದೇ. ಇದರಲ್ಲೂ ನಾಯಕಿ ಮಿರಿಯಮ್ ಹಾಪ್ಕಿನ್ಸ್. ಗ್ಯಾರಿ ಕೂಪರ್, ಫ್ರೆಡ್ರಿಕ್ ಮಾರ್ಚ್ ಇಬ್ಬರೂ ಅವಳಿಗೆ ಇಷ್ಟ, ಒಬ್ಬನನ್ನು ಆರಿಸಲು ಅವಳು ಒಪ್ಪುವುದಿಲ್ಲ, ಚಿತ್ರ ಅವಳನ್ನು ಬೈಯುವುದೂ ಇಲ್ಲ. 'ರೆಡ್ ಹೆಡೆಡ್ ವುಮನ್' ಚಿತ್ರದ ಜೀನ್ ಹಾರ್ಲೋ ಅಂತೂ ಊರಿನ ಮಾತಿಗೆ ಕೇರ್ ಮಾಡುವವಳೇ ಅಲ್ಲ. ಬರೆದವರು ಅನಿಟಾ ಲೂಸ್ ಎಂಬ ಮಹಿಳೆ. ಹಾಡು ಬೇಕೆನ್ನುವವರು ನಿರ್ದೇಶಕ ಮಾಮೂಲಿಯನ್ ಅವರ 'ಲವ್ ಮಿ ಟುನೈಟ್' ನೋಡಿ.

ಕಪ್ಪು ಬಿಳುಪು ಅಂದರೆ ನಿಧಾನ, ಬೋರು ಅನ್ನುವವರಿಗೆ ನಾನು ಹೇಳುವುದಿಷ್ಟೇ, ದಯವಿಟ್ಟು ನೋಡಿ ಆಮೇಲೆ ಮಾತಾಡಿ. ಇವುಗಳ ಮಾತು ಎಷ್ಟು ವೇಗ ಅಂದರೆ ಸಬ್‌ಟೈಟಲ್ ಹಾಕಿಕೊಳ್ಳದಿದ್ದರೆ ಅರ್ಧ ತಪ್ಪಿಹೋಗುತ್ತದೆ. ಫೋನ್ ಪಕ್ಕಕ್ಕಿಡಿ. 'ಟ್ರಬಲ್ ಇನ್ ಪ್ಯಾರಡೈಸ್' 83 ನಿಮಿಷದ ಚಿತ್ರ. ಅದೂ ಜಾಸ್ತಿ ಅನ್ನಿಸಿದರೆ ವಿಲಿಯಂ ಪವೆಲ್ ಮತ್ತು ಕೇ ಫ್ರಾನ್ಸಿಸ್ ನಟಿಸಿದ 'ಜ್ಯುವೆಲ್ ರಾಬರಿ' 68 ನಿಮಿಷ. ಊಟ ಮುಗಿಸಿ ಕೂತರೆ ಮಲಗುವ ಹೊತ್ತಿಗೆ ಮುಗಿದಿರುತ್ತದೆ. ನಮಸ್ಕಾರ.