ಒಂದೇ ನರಕೋಶ, ಒಂಬತ್ತು ಗಂಟೆ: ಮಿದುಳಲ್ಲಿ ಎಲೆಕ್ಟ್ರೋಡ್ ನಿಲ್ಲೋದು ಹೇಗೆ?

ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: ಮಿದುಳಿಗೆ ಎಲೆಕ್ಟ್ರೋಡ್ ಹಾಕಿದ್ಮೇಲೆ ತಲೆ ಅಲ್ಲಾಡಿಸಿದ್ರೆ ಅದು ಜಾರಲ್ವಾ?

ಜಾರುತ್ತೆ. ತಲೆ ಅಲ್ಲಾಡಿಸೋದೂ ಬೇಕಿಲ್ಲ. ಪ್ರತಿ ಎದೆಬಡಿತಕ್ಕೂ ಪ್ರತಿ ಉಸಿರಿಗೂ ಮಿದುಳು ಕೊಂಚ ಉಬ್ಬಿ ಇಳಿಯುತ್ತೆ. ಎಲೆಕ್ಟ್ರೋಡ್ ಅಂದ್ರೆ ನರಕೋಶದ ವಿದ್ಯುತ್ ಮಿಡಿತ ಹಿಡಿಯೋ ತೆಳು ತಂತಿ, ಆ ಮಿಡಿತವನ್ನ ಸ್ಪೀಕರಲ್ಲಿ ಸದ್ದಾಗಿ ಕೇಳಬಹುದು. ಒಂದು ನರಕೋಶದ ಮೈ ಸುಮಾರು 20 ಮೈಕ್ರೋಮೀಟರ್, ಅಂದ್ರೆ ಒಂದು ಮಿಲಿಮೀಟರಲ್ಲಿ ಐವತ್ತು ಸಾಲಾಗಿ ಕೂರುತ್ತವೆ. ಎಲೆಕ್ಟ್ರೋಡಿನ ತುದಿ ಒಂದು ಕೋಶದಷ್ಟು ಸರಿದ್ರೂ ಸಾಕು, ಕೇಳ್ತಿದ್ದ ಕೋಶದ ಸದ್ದು ಕುಗ್ಗಿ ಪಕ್ಕದ್ದು ನುಗ್ಗಬಹುದು.

ನಿಮ್ಮನ್ನ ನೇರ 1958ಕ್ಕೆ, ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಕರ್ಕೊಂಡು ಹೋಗ್ತೀನಿ.

[ತೆರೆ ಮೇಲೆ: ಗಾಜಿನ ಸ್ಲೈಡ್, ಅದರಲ್ಲೊಂದು ಕಪ್ಪು ಚುಕ್ಕೆ]

ವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸಲ್ ಇಬ್ಬರೂ ಅರಿವಳಿಕೆ ಕೊಟ್ಟ ಬೆಕ್ಕಿನ ಮಿದುಳಿನ ದೃಷ್ಟಿ ಭಾಗಕ್ಕೆ ಎಲೆಕ್ಟ್ರೋಡ್ ಇಳಿಸಿ ಕೂತಿದ್ದಾರೆ. ಅದರ ಕಣ್ಣಿಗೆ ಚುಕ್ಕೆ ತೋರಿಸ್ತಾರೆ. ಕೋಶ ಹೆಚ್ಚುಕಮ್ಮಿ ಸುಮ್ನಿದೆ. ಚುಕ್ಕೆಯ ಜಾಗ ಬದಲಿಸ್ತಾರೆ, ಮತ್ತೆ ಬದಲಿಸ್ತಾರೆ, ಗಂಟೆಗಟ್ಟಲೆ. ಆಮೇಲೊಮ್ಮೆ ಸ್ಲೈಡನ್ನ ಯಂತ್ರಕ್ಕೆ ತೂರಿಸ್ತಿದ್ದ ಹಾಗೇ ಸ್ಪೀಕರಿಂದ ಪಟಪಟ ಪಟಪಟ ಸದ್ದು! ಸ್ಲೈಡಿನ ಅಂಚಿನ ತೆಳು ನೆರಳು ಒಂದು ಓರೆಯಲ್ಲಿ ಸರಿದು ಹೋಗಿತ್ತು, ಕೋಶ ಎದ್ದಿದ್ದು ಅದಕ್ಕೆ. ಗೆರೆಯ ಓರೆಯನ್ನ ಗುರುತಿಸೋ ಕೋಶಗಳು ಮಿದುಳಲ್ಲಿವೆ ಅಂತ ಗೊತ್ತಾಗಿದ್ದು ಅಲ್ಲಿಂದ. 1981ರಲ್ಲಿ ಇಬ್ಬರಿಗೂ ನೊಬೆಲ್.

ಈ ಕತೆ ಹೇಳುವವರು ಸಾಮಾನ್ಯವಾಗಿ ಸ್ಲೈಡಿನ ಅದೃಷ್ಟಕ್ಕೇ ನಿಲ್ಲಿಸ್ತಾರೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಹ್ಯೂಬೆಲ್ ನೊಬೆಲ್ ಉಪನ್ಯಾಸದಲ್ಲಿ ಹೇಳಿದ ಇನ್ನೊಂದು ವಿಷಯ: ಆವತ್ತು ಎಲೆಕ್ಟ್ರೋಡಿನ ತುದಿ ಅಪರೂಪಕ್ಕೆ ಅಲುಗದೆ ನಿಂತಿತ್ತು, ಒಂದೇ ಕೋಶವನ್ನ ಸುಮಾರು ಒಂಬತ್ತು ಗಂಟೆ ಕೇಳಿದ್ರು. ಮೊದಲ ಗಂಟೆಯಲ್ಲೇ ಅದು ಕೈತಪ್ಪಿದ್ದಿದ್ರೆ, ಅಂಚು ಸರಿದಾಗ ಪಟಪಟ ಅನ್ನೋಕೆ ಆ ಕೋಶವೇ ಇರ್ತಿರ್ಲಿಲ್ಲ.

ಇಂಥ ಪ್ರಯೋಗಗಳಲ್ಲಿ ತಲೆಯನ್ನ ಬಿಗಿ ಹಿಡೀತಾರೆ. ಬುರುಡೆಯ ತೂತಿನ ಮೇಲೆ ಪುಟ್ಟ ಡಬ್ಬಿ ಕೂರಿಸಿ, ದ್ರವ ತುಂಬಿ, ಗಾಳಿಯಾಡದಂತೆ ಮುಚ್ಚೋದೂ ಉಂಟು. ಮಿದುಳಿಗೆ ಉಬ್ಬಿ ಬರೋಕೆ ಜಾಗವೇ ಇರಲ್ಲ. ಆದ್ರೆ ಎದ್ದು ಓಡಾಡೋ ಮನುಷ್ಯರ ಮಿದುಳಲ್ಲಿ ವರ್ಷಗಟ್ಟಲೆ ಎಲೆಕ್ಟ್ರೋಡ್ ಇಡೋದು ಹೇಗೆ?

ಎಲೆಕ್ಟ್ರೋಡ್ ಗಟ್ಟಿ, ಮಿದುಳು ಎಳನೀರು ಗಂಜಿಯಷ್ಟು ಮೆತ್ತಗೆ. ಉಜ್ಜಿ ಉಜ್ಜಿ ಗಾಯ. ನರಕೋಶಗಳಿಗೆ ಆಸರೆಯಾಗಿರೋ ಗ್ಲಿಯಾ ಕೋಶಗಳು ಎಲೆಕ್ಟ್ರೋಡಿನ ಸುತ್ತ ಪೊರೆ ಕಟ್ತವೆ, ಸದ್ದು ಮಂಕಾಗುತ್ತೆ. ಅದಕ್ಕೇ ಎಲೆಕ್ಟ್ರೋಡ್ ಹೊತ್ತ ಬಳುಕೋ ಎಳೆಗಳು ಬಂದವು. ಅವೂ ಜಾರ್ತವೆ: 2024ರಲ್ಲಿ ಮಿದುಳಿನ ಚಿಪ್ ಮಾಡೋ ನ್ಯೂರಾಲಿಂಕ್ ಕಂಪನಿ ಮೊದಲ ವ್ಯಕ್ತಿಗೆ ಹಾಕಿದ 64 ಎಳೆಗಳಲ್ಲಿ ಹಲವು ಕೆಲವೇ ವಾರಗಳಲ್ಲಿ ಹಿಂದೆ ಸರಿದವು, ಕಂಪನಿ ಸಾಫ್ಟ್‌ವೇರ್ ತಿದ್ದಿ ಸಂಭಾಳಿಸ್ತು.

ಟೈಮ್ ಆಗ್ತಾ ಬಂತು, ಕೊನೇದು ಬೇಗ ಹೇಳ್ಬಿಡ್ತೀನಿ. 2021ರ ನ್ಯೂರೋಪಿಕ್ಸೆಲ್ಸ್ 2.0 ಅನ್ನೋ ಸಾಧನದಲ್ಲಿ ಒಂದು ತೆಳು ಕಡ್ಡಿಯ ಮೇಲೆ ನೂರಾರು ಎಲೆಕ್ಟ್ರೋಡ್ ಒತ್ತೊತ್ತಾಗಿವೆ. ಕೋಶದ ಸದ್ದು ಒಂದರಿಂದ ಮೇಲಿನದಕ್ಕೆ ದಾಟಿದ್ರೆ ಸಾಫ್ಟ್‌ವೇರ್ ಬೆನ್ನು ಹತ್ತಿ ಲೆಕ್ಕ ಸರಿಮಾಡುತ್ತೆ. ಕಡ್ಡಿಯ ಉದ್ದಕ್ಕೆ ಜಾರಿದ್ರೆ ಇದು ಚೆನ್ನಾಗಿ ನಡೆಯುತ್ತೆ. ಕಡ್ಡಿ ಬಿಟ್ಟು ಪಕ್ಕಕ್ಕೆ ದೂರ ಸರಿದ ಕೋಶ ಮಾತ್ರ ಸಾಫ್ಟ್‌ವೇರಿಗೂ ಸಿಗಲ್ಲ.