ಮಂತ್ರಿಗಿರಿ, ಬಿಸಿಯೂಟದ ಲೆಕ್ಕ ಮತ್ತು ಪಿಯುಸಿ ಅರ್ಜಿ

ಎಲ್ಲರಿಗೂ ನಮಸ್ಕಾರ. ಮುಖ್ಯ ಶಿಕ್ಷಕರಿಗೆ, ಮೇಷ್ಟ್ರುಗಳಿಗೆ, ಹಿಂದಿನ ಸಾಲಿನಲ್ಲಿ ಕೂತಿರುವ ಅಪ್ಪ ಅಮ್ಮಂದಿರಿಗೆ, ಮತ್ತೆ ಈಗಷ್ಟೇ ಪ್ರಮಾಣವಚನ ಮುಗಿಸಿ ಬ್ಯಾಡ್ಜ್ ಸರಿ ಮಾಡ್ಕೊಳ್ತಾ ಇರುವ ನಮ್ಮ ಶಾಲಾ ಸಂಸತ್ತಿನ ಹೊಸ ಸಚಿವ ಸಂಪುಟಕ್ಕೆ.

ನಾಯಕತ್ವದ ಬಗ್ಗೆ ಮಾತಾಡಿ ಅಂದಿದ್ದಾರೆ. ಅದಕ್ಕೆ ಮುಂಚೆ ಒಂದು ಕಹಿ ಸುದ್ದಿ. ಶಾಲಾ ಸಂಸತ್ತಿನಲ್ಲಿ ಮಂತ್ರಿ ಆಗಿದ್ದೆ ಅಂತ ಹೇಳಿದರೆ ಯಾವ ಪಿಯು ಕಾಲೇಜೂ ನಿಮಗೆ ಸೀಟು ಕೊಡಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಮಾರ್ಕ್ಸ್ ಬಂತು ಅಂತ ಕೇಳುತ್ತಾರೆ, ಮೀಸಲಾತಿಯ ರೋಸ್ಟರ್ ನೋಡುತ್ತಾರೆ, ಮುಗೀತು. ಎನ್‌ಸಿಸಿ, ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಇರುವವರ ಕಥೆ ಸ್ವಲ್ಪ ಬೇರೆ. ಮುಂದೆ ಸಿಇಟಿ ಸೀಟು ಹಂಚುವಾಗ ಅವರಿಗೆ ವಿಶೇಷ ವರ್ಗ ಅಂತ ಇದೆ, ಆದರೆ ಸೀಟು ತೀರಾ ಕಡಿಮೆ. ಡಿಗ್ರಿಯಲ್ಲಿ ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಒಳ್ಳೆ ಗ್ರೇಡಿನಲ್ಲಿ ತಗೊಂಡವರು ಲಿಖಿತ ಪರೀಕ್ಷೆ ಬರೆಯದೇ ಸೇನೆಯ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಹೈಸ್ಕೂಲಿನಲ್ಲಿ ಸಿಗೋದು 'ಎ' ಸರ್ಟಿಫಿಕೇಟ್. ಅಷ್ಟೇ. ಉಳಿದ ಮಂತ್ರಿಗಳ ಬ್ಯಾಡ್ಜಿಗೆ ಕಾಗದದ ಮೇಲೆ ಬೆಲೆ ಇಲ್ಲ.

ಹಾಗಾದ್ರೆ ಇದೆಲ್ಲ ಯಾಕೆ ಬೇಕು? ಮುಂದಿನ ವರ್ಷ ಮೇ ತಿಂಗಳಲ್ಲಿ ನಿಮ್ಮ ಕೈಗೆ ಒಂದು ಅರ್ಜಿ ಬರುತ್ತೆ. ಸೈನ್ಸಾ, ಕಾಮರ್ಸಾ, ಆರ್ಟ್ಸಾ, ಇಲ್ಲಾ ಡಿಪ್ಲೊಮಾ, ಐಟಿಐನಾ ಅಂತ ಅವತ್ತು ತೀರ್ಮಾನ ಮಾಡಬೇಕು. ನಿಮ್ಮ ಮಾರ್ಕ್ಸ್ ಕಾರ್ಡ್ ಯಾವ ಪಾಠ ನಿಮಗೆ ನೆನಪಿರುತ್ತೆ ಅಂತ ಹೇಳುತ್ತೆ. ಯಾವ ಕೆಲಸ ಕೊಟ್ಟರೆ ನೀವು ಹೊತ್ತು ಗೊತ್ತಿಲ್ಲದೆ ಮಾಡ್ತೀರಿ ಅಂತ ಅದರಲ್ಲಿ ಎಲ್ಲೂ ಬರೆದಿರಲ್ಲ. ಅದು ಗೊತ್ತಾಗೋಕೆ ಹೈಸ್ಕೂಲಿನಲ್ಲಿ ಇರುವ ಜಾಗ ಈ ಮಂತ್ರಿಗಿರಿನೇ.

ನನ್ನದೇ ಹೇಳ್ತೀನಿ. ನಾನು ಓದಿದ್ದು ಪಿರಿಯಾಪಟ್ಟಣ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಬಿಸಿಯೂಟ ಕೊಡುವ ಅಕ್ಷರ ದಾಸೋಹ ಯೋಜನೆ 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಪ್ರೈಮರಿ ಮಕ್ಕಳಿಗೆ ಅಂತ ಶುರುವಾಯ್ತು. ಹೈಸ್ಕೂಲಿಗೆ ಬಂದದ್ದು 2007-08ರಲ್ಲಿ. ಹಾಗಾಗಿ ನಮ್ಮ ಕಾಲಕ್ಕೆ ಆಹಾರ ಮಂತ್ರಿ ಅನ್ನೋದು ಹೊಸ ಖಾತೆ, ಯಾರಿಗೂ ಬೇಡದ ಖಾತೆ. ಎಲ್ಲರಿಗೂ ಕ್ರೀಡೆ ಬೇಕು, ಯಾಕಂದ್ರೆ ಬಾಲ್ ಇಟ್ಟಿರೋ ಬೀರುವಿನ ಕೀ ಸಿಗುತ್ತೆ. ಉಳಿದದ್ದು ನನ್ನ ಪಾಲಿಗೆ ಬಂತು.

ಕೆಲಸ ಏನು ಅಂದ್ರೆ, ಮೊದಲ ಪೀರಿಯಡ್ ಮುಗಿಯುತ್ತಿದ್ದ ಹಾಗೆ ಪ್ರತಿ ಕ್ಲಾಸಿಗೆ ಹೋಗಿ ತಲೆ ಎಣಿಸಿ, ಚೀಟಿ ಬರೆದು ಅಡುಗೆ ಮನೆಗೆ ಕೊಡಬೇಕು. ಅಡುಗೆಯ ಅಕ್ಕ ಒಲೆ ಮುಂದೆ ಕೂತು "ಏನಮ್ಮಾ ಮಂತ್ರಿ, ಇವತ್ತು ಎಷ್ಟು ತಲೆ?" ಅಂತ ಕೇಳೋರು. ತಲೆಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. 200 ಮಕ್ಕಳಿದ್ದರೆ 30 ಕೆಜಿ ಅಕ್ಕಿ, 6 ಕೆಜಿ ಬೇಳೆ. ನಾನು ಹೇಳಿದ ಸಂಖ್ಯೆ ಜಾಸ್ತಿ ಆದರೆ ಅನ್ನ ಉಳಿಯುತ್ತೆ, ಕಡಿಮೆ ಆದರೆ ಕೊನೆ ಸಾಲಿನಲ್ಲಿ ನಿಂತವರ ತಟ್ಟೆಗೆ ಬರೀ ಸಾರು. ಗಣಿತ ಪುಸ್ತಕದ ಗುಣಾಕಾರ ತಪ್ಪಿದರೆ ಒಂದು ಮಾರ್ಕು ಹೋಗುತ್ತೆ, ಇಲ್ಲಿ ಯಾರದೋ ಊಟ ಹೋಗುತ್ತೆ. ಆಗ ಲೆಕ್ಕ ತಾನಾಗೇ ಸರಿಯಾಗುತ್ತೆ ನೋಡಿ.

ನಾನು ದಿನಾ ಆ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ತಿದ್ದೆ. ಯಾರೂ ಬರಿ ಅಂದಿರಲಿಲ್ಲ, ಸುಮ್ನೆ. ಜೂನ್, ಜುಲೈಯಲ್ಲಿ ಹಾಜರಿ ಚೆನ್ನಾಗಿತ್ತು. ಆಗಸ್ಟ್ ಬಂದ ಕೂಡಲೇ ಕುಸಿಯಿತು. ಜ್ವರ ಗಿರ ಅಂತ ನಾವು ಅಂದ್ಕೊಂಡ್ವಿ. ಆದರೆ ಬರದೇ ಇದ್ದವರ ಹೆಸರು ನೋಡಿದರೆ ಅದೇ ಮೂರ್ನಾಲ್ಕು ಹಳ್ಳಿ, ಅವರಲ್ಲೂ ಹುಡುಗಿಯರೇ ಜಾಸ್ತಿ. ನಮ್ಮ ಕಡೆ ಹೊಗೆಸೊಪ್ಪು ಬೆಳೀತಾರೆ. ಆಗ ಸೊಪ್ಪು ಮುರಿಯೋ ಕಾಲ. ಮುರಿದ ಸೊಪ್ಪನ್ನು ಅವತ್ತೇ ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ, ಅಂದ್ರೆ ಸೊಪ್ಪು ಹದ ಮಾಡೋ ಬಿಸಿ ಮನೆಗೆ, ಏರಿಸಬೇಕು, ನಾಳೆಗೆ ಇಡೋ ಹಾಗಿಲ್ಲ. ಕಟ್ಟೋಕೆ ಸಣ್ಣ ಕೈ ಚುರುಕು ಅಂತ ಮನೆ ಹುಡುಗಿಯರನ್ನೇ ಕೂರಿಸುತ್ತಾರೆ. ಇದು ನಮಗೆಲ್ಲ ಗೊತ್ತಿದ್ದ ವಿಷಯವೇ. ಆದರೆ ಗೊತ್ತಿರೋದು ಬೇರೆ, ಕಣ್ಣ ಮುಂದೆ ಸಂಖ್ಯೆಯಾಗಿ ನಿಲ್ಲೋದೇ ಬೇರೆ.

ಗಣಿತದ ಮೇಷ್ಟ್ರು ಆ ನೋಟ್‌ಬುಕ್ ನೋಡಿ, ಒಂದು ಗ್ರಾಫ್ ಶೀಟ್ ಕೊಟ್ಟು, ತಿಂಗಳು ಈ ಕಡೆ, ಹಾಜರಿ ಆ ಕಡೆ ಹಾಕು ಅಂದರು. ಹಾಕಿದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗೆರೆ ಹಳ್ಳಕ್ಕೆ ಬಿದ್ದ ಹಾಗೆ ಇತ್ತು. "ಯಾಕೆ ಹೀಗೆ ಅಂತ ಕೇಳೋದಕ್ಕೇ ಒಂದು ಓದು ಇದೆ, ಅದಕ್ಕೆ ಅರ್ಥಶಾಸ್ತ್ರ ಅಂತಾರೆ" ಅಂದರು. ಹತ್ತನೇ ಕ್ಲಾಸಿನ ಹುಡುಗಿಗೆ ಅಷ್ಟು ಸಾಕಾಯ್ತು.

ಮನೆಯಲ್ಲಿ ಗಲಾಟೆ ಆಯ್ತು, ಆಗದೇ ಇರುತ್ತಾ? ಮಾರ್ಕ್ಸ್ ಚೆನ್ನಾಗಿ ಬಂದಿತ್ತು, ಎಲ್ಲರೂ ಪಿಸಿಎಂಬಿ ಅಂತ ಕೂತಿದ್ದರು. "ಅನ್ನದ ಲೆಕ್ಕ ಹಾಕಿದೆ ಅಂತ ಸೈನ್ಸ್ ಬಿಡ್ತೀಯೇನೇ?" ಅಂತ ಅಪ್ಪ ಕೇಳಿದರು. ನಾನು ಕಾಮರ್ಸ್‌ನಲ್ಲಿ ಎಸ್‌ಇಬಿಎ ತಗೊಂಡೆ. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಆಮೇಲೆ ಡಿಗ್ರಿ, ಮಾನಸಗಂಗೋತ್ರಿಯಲ್ಲಿ ಎಂ.ಎ. ಈಗ ಅದನ್ನೇ ಪಾಠ ಮಾಡ್ತೀನಿ. ಸೈನ್ಸ್ ತಗೊಂಡಿದ್ದರೂ ಎಲ್ಲೋ ಒಂದು ಕಡೆ ದಡ ಸೇರುತ್ತಿದ್ದೆ, ಅದು ಬೇರೆ ಮಾತು. ಆದರೆ ಪಿಯುಸಿ ಮೊದಲ ದಿನ ಸರಾಸರಿ, ಮಧ್ಯಾಂಕ ಅಂತ ಬೋರ್ಡಿನ ಮೇಲೆ ಬರೆದಾಗ ಅದು ಯಾವುದಕ್ಕೆ ಬೇಕು ಅಂತ ನನಗೆ ಮೊದಲೇ ಗೊತ್ತಿತ್ತು.

ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ನಮ್ಮ ಜೊತೆ ನೀರಿನ ಖಾತೆ ನೋಡ್ತಿದ್ದ ಹುಡುಗ ಟ್ಯಾಂಕು, ವಾಲ್ವು, ಪೈಪು ಅಂತ ಮಾಳಿಗೆ ಮೇಲೇ ಇರ್ತಿದ್ದ. ಕೆಳಗೆ ಬಾ ಅಂತ ಕೂಗಬೇಕಾಗಿತ್ತು. ಅವನು ಡಿಪ್ಲೊಮಾ ಸಿವಿಲ್‌ಗೆ ಹೋದ. ಮುಖ್ಯಮಂತ್ರಿ ಆಗಿದ್ದವನಿಗೆ ಜನರ ಜೊತೆ ಏಗೋದು ತನ್ನ ಕೈಲಿ ಆಗಲ್ಲ ಅಂತ ದಸರಾ ರಜೆ ಬರೋದರೊಳಗೆ ಗೊತ್ತಾಯ್ತು. ಅದೂ ಲಾಭವೇ ಅಲ್ವಾ? ಇಪ್ಪತ್ತೈದನೇ ವಯಸ್ಸಿಗೆ ಗೊತ್ತಾಗೋದಕ್ಕಿಂತ ಹದಿನೈದಕ್ಕೆ ಗೊತ್ತಾಗಲಿ.

ಈಗ ಮೇಷ್ಟ್ರುಗಳ ಹತ್ತಿರ ಒಂದು ತಕರಾರು, ಬೇಜಾರಾಗಬೇಡಿ. ಜಾಸ್ತಿ ಮಾರ್ಕ್ಸ್ ತೆಗೆಯೋರನ್ನೇ ಲೀಡರ್ ಮಾಡ್ತೀವಿ. ಮಾಡಿ ಏನು ಕೆಲಸ ಕೊಡ್ತೀವಿ? ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯೋದು. ಅದು ಪೊಲೀಸ್ ಕೆಲಸ. ಅದರಿಂದ ಮಗು ಕಲಿಯೋದು ಯಾರ ಹೆಸರು ಅಳಿಸಬೇಕು, ಯಾರದು ಉಳಿಸಬೇಕು ಅನ್ನೋ ರಾಜಕೀಯ ಮಾತ್ರ. ಇನ್ನು ಹುಡುಗಿಯರಿಗೆ ಸಾಂಸ್ಕೃತಿಕ ಖಾತೆ, ಅಂದ್ರೆ ಅತಿಥಿ ಬಂದಾಗ ರಂಗೋಲಿ, ಹೂಗುಚ್ಛ, ಪ್ರಾರ್ಥನೆ. ಇವತ್ತು ನನಗೂ ಹೂಗುಚ್ಛ ಸಿಕ್ಕಿದೆ, ಥ್ಯಾಂಕ್ಸ್, ಆದರೂ ಹೇಳ್ತೀನಿ. ಚುನಾವಣೆಯನ್ನು ಮೊಬೈಲ್ ಇವಿಎಂ ಆ್ಯಪ್ ಇಟ್ಟು, ಬೆರಳಿಗೆ ಮಾರ್ಕರ್ ಹಚ್ಚಿ ಭರ್ಜರಿಯಾಗಿ ಮಾಡ್ತೀವಿ. ಗೆದ್ದ ಮೇಲೆ ಮಂತ್ರಿಗೆ ಒಂದು ಪುಸ್ತಕ, ಒಂದು ಲೆಕ್ಕ, ಪ್ರಶ್ನೆ ಕೇಳೋ ಒಂದು ಅವಕಾಶ ಇಲ್ಲ ಅಂದ್ರೆ ಅದು ಬರೀ ಫೋಟೋಗೆ.

ಮಕ್ಕಳ ಕೈಲಿ ಆಗುತ್ತಾ ಅಂತ ಅನುಮಾನ ಬೇಡ. 1990ರ ದಶಕದಲ್ಲೇ ಕುಂದಾಪುರ ಕಡೆಯ ಕೆರಾಡಿಯಲ್ಲಿ ಮಕ್ಕಳ ಪಂಚಾಯ್ತಿ ಇತ್ತು. ಮಕ್ಕಳೇ ತಮ್ಮ ಪ್ರತಿನಿಧಿಗಳನ್ನು ಆರಿಸಿ, ತಮ್ಮೂರಿನ ತೊಂದರೆಗಳನ್ನು ದೊಡ್ಡವರ ಪಂಚಾಯ್ತಿ ಮುಂದೆ ಇಡ್ತಿದ್ದರು. ಈಗ ನಮ್ಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ನಡೆಯುತ್ತೆ. ಎಷ್ಟೋ ಕಡೆ ಅಲ್ಲಿ ಮಕ್ಕಳು ಬಾಯಿಪಾಠ ಮಾಡಿದ ಭಾಷಣ ಒಪ್ಪಿಸಿ ಬಿಸ್ಕತ್ತು ತಿಂದು ಬರ್ತಾರೆ. ಅದರ ಬದಲು ನಿಮ್ಮ ಆರೋಗ್ಯ ಮಂತ್ರಿ ಹುಡುಗಿಯರ ಶೌಚಾಲಯಕ್ಕೆ ಎಷ್ಟು ದಿನ ನೀರು ಬರಲಿಲ್ಲ ಅಂತ ತಾರೀಖು ಸಮೇತ ಬರೆದುಕೊಂಡು ಹೋಗಲಿ. ಉತ್ತರ ಕೊಡೋರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಆ ಹುಡುಗಿಗೆ ಮುಂದೆ ಕಾನೂನು ಓದಬೇಕು ಅನ್ನಿಸಬಹುದು, ನರ್ಸಿಂಗ್ ಅನ್ನಿಸಬಹುದು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಬೇಕು ಅಂತಲೂ ಅನ್ನಿಸಬಹುದು.

ಅಪ್ಪ ಅಮ್ಮಂದಿರು "ಲೀಡರ್‌ಗಿರಿ ಮಾಡ್ಕೊಂಡು ಓದು ಹಾಳು ಮಾಡ್ಕೊಂಡ" ಅಂತಾರೆ. ಕೆಲವು ಸಲ ನಿಜ ಕೂಡ. ಫೆಬ್ರವರಿ, ಮಾರ್ಚ್‌ನಲ್ಲಿ ಯಾವ ಖಾತೆಯೂ ಬೇಡ, ಸುಮ್ನೆ ಕೂತು ಓದಲಿ. ಆದರೆ ಅರ್ಜಿ ತುಂಬುವ ದಿನ ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟು "ವರ್ಷವೆಲ್ಲ ಶಾಲೆಯಲ್ಲಿ ಯಾವ ಕೆಲಸಕ್ಕೆ ಓಡಿ ಹೋಗ್ತಿದ್ದೆ, ಯಾವುದರಿಂದ ತಪ್ಪಿಸಿಕೊಳ್ತಿದ್ದೆ?" ಅಂತ ಮಗುವನ್ನು ಕೇಳಿ. ಪಕ್ಕದ ಮನೆಯವರನ್ನು ಆಮೇಲೆ ಕೇಳೋಣ.

ಮುಖ್ಯ ಶಿಕ್ಷಕರೇ, ಒಂದು ಕೋರಿಕೆ ಇದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೀಟಿಂಗ್ ನಡೆಯುವಾಗ ಒಂದೊಂದು ಸಲ ಒಬ್ಬೊಬ್ಬ ಮಂತ್ರಿಗೆ ಹತ್ತು ನಿಮಿಷ ಕೊಡಿ, ಅವರದೇ ಪುಸ್ತಕ ಓದಲಿ. ಮೊದಲು ಆಹಾರ ಮಂತ್ರಿಯನ್ನು ಕರೀರಿ. ಅಂದ ಹಾಗೆ, ಈ ವರ್ಷ ಆ ಖಾತೆ ಯಾರಿಗೆ ಬಂದಿದೆ? ಕೈ ಎತ್ತಮ್ಮಾ.