ಹಾಸನದ ನಲವತ್ತು ದಿನಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ.

2025ರ ಜೂನ್ ಕೊನೆಯ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತಕ್ಕೆ ಸತ್ತವರ ಸಂಖ್ಯೆ ಟಿ.ವಿ.ಯಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಏರುತ್ತಿತ್ತು. ನಲವತ್ತು ದಿನದಲ್ಲಿ ಇಪ್ಪತ್ತು ದಾಟಿತು ಎಂದರು. ಸತ್ತವರಲ್ಲಿ ಇಪ್ಪತ್ತರ ಆಸುಪಾಸಿನವರೂ ಇದ್ದರು. ಆ ಮನೆಗಳ ಸಂಕಟವನ್ನು ಯಾವ ಲೆಕ್ಕವೂ ಕಡಿಮೆ ಮಾಡುವುದಿಲ್ಲ. ಆದರೆ ಇಡೀ ಜಿಲ್ಲೆಗೆ ಏನೋ ಬಡಿದಿದೆ ಎಂದು ಹೇಳಬೇಕಾದರೆ ಲೆಕ್ಕ ಬೇಕೇ ಬೇಕು. ಆ ದಿನಗಳಲ್ಲಿ ಅದನ್ನು ಹಾಕಿದವರು ಕಡಿಮೆ.

ಹಾಕಿ ನೋಡೋಣ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ ಹದಿನೇಳೂಮುಕ್ಕಾಲು ಲಕ್ಷ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಆರು ಸಾವು ಎಂದಿಟ್ಟುಕೊಳ್ಳಿ, ಅದು ಹೆಚ್ಚೇನೂ ಅಲ್ಲ. ಹಾಗಾದರೆ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ಹತ್ತೂವರೆ ಸಾವಿರ ಜನ ಸಾಯುತ್ತಾರೆ. ದಿನಕ್ಕೆ 29 ಜನ, ನಲವತ್ತು ದಿನಕ್ಕೆ 1,150ಕ್ಕೂ ಮೇಲೆ. ನಮ್ಮ ದೇಶದ ಸಾವುಗಳಲ್ಲಿ ಕಾಲು ಭಾಗದಷ್ಟು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುತ್ತವೆ. ಅಂದರೆ ಯಾವ ಕ್ಯಾಮೆರಾವೂ ಹೋಗದ ನಲವತ್ತು ದಿನಗಳಲ್ಲೂ ಆ ಜಿಲ್ಲೆಯಲ್ಲಿ ಇಂಥ ಸುಮಾರು 290 ಸಾವು ಆಗುತ್ತಲೇ ಇರುತ್ತವೆ.

ಅದರಲ್ಲಿ ಹೆಚ್ಚಿನವರು ವಯಸ್ಸಾದವರು, ನಮಗೆ ಗಾಬರಿ ಹುಟ್ಟಿಸಿದ್ದು ಎಳೆಯರ ಸಾವು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕಿದ್ದರೆ ಹಿಂದಿನ ಮೂರು ನಾಲ್ಕು ವರ್ಷಗಳಲ್ಲಿ ಇದೇ ನಲವತ್ತು ದಿನ, ಇದೇ ವಯಸ್ಸಿನವರು ಎಷ್ಟು ಜನ ಹೃದಯದ ಕಾರಣಕ್ಕೆ ಸತ್ತರು ಎಂಬ ಪಟ್ಟಿ ಇರಬೇಕು. ಎಡವುವುದು ಇಲ್ಲೇ. ದೇಶದಲ್ಲಿ ನೋಂದಣಿಯಾಗುವ ಐದು ಸಾವಿನಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಮಾತ್ರ ವೈದ್ಯರು ಕಾರಣ ಬರೆದುಕೊಟ್ಟಿರುತ್ತಾರೆ. ಬರೆದ ಕಡೆಯೂ 'ಹೃದಯ ಸ್ತಂಭನ' ಎಂದಿರುತ್ತದೆ. ಸತ್ತವರೆಲ್ಲರ ಹೃದಯವೂ ನಿಂತೇ ನಿಂತಿರುತ್ತದಲ್ಲ! ಸಾವಿನ ಕಾರಣ ಬರೆಯುವ ನಮೂನೆ 4ರಲ್ಲಿ, ಪ್ರಾಣ ಹೋದ ಬಗೆಯನ್ನಲ್ಲ, ಅದಕ್ಕೆ ಕಾರಣವಾದ ಕಾಯಿಲೆಯನ್ನು ಬರೆಯಿರಿ ಎಂಬ ಸೂಚನೆಯೇ ಅಚ್ಚಾಗಿದೆ. ರಾತ್ರಿ ಪಾಳಿಯಲ್ಲಿ ಅದನ್ನು ಓದುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಮನೆಯಲ್ಲೋ ಹೊಲದಲ್ಲೋ ಕುಸಿದು ಸತ್ತವರ ಮರಣೋತ್ತರ ಪರೀಕ್ಷೆಗೆ ಮನೆಯವರು ಒಪ್ಪುವುದಿಲ್ಲ. ಮಣ್ಣಾದ ಮೇಲೆ ಅದು ಹಾರ್ಟ್ ಅಟ್ಯಾಕೋ, ಮೆದುಳಿನ ರಕ್ತಸ್ರಾವವೋ, ಶ್ವಾಸಕೋಶಕ್ಕೆ ಹೋಗಿ ಕೂತ ಹೆಪ್ಪೋ, ಹೇಳುವವರಿಲ್ಲ.

ಇಂಥ ಖಾಲಿ ಜಾಗಕ್ಕೆ ನಾಯಕರ ಮಾತು ಬಂದು ಬೀಳುತ್ತದೆ. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಾಮಾಜಿಕ ಜಾಲತಾಣದಲ್ಲಿ ಬರೆದುದರಲ್ಲಿ ಎರಡು ಸಂಗತಿ ಒಟ್ಟಿಗೇ ಇದ್ದವು. ಒಂದು, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಹತ್ತು ದಿನದಲ್ಲಿ ವರದಿ ಕೊಡಬೇಕು ಎಂಬುದು. ಇನ್ನೊಂದು, ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟು ಹಂಚಿದ್ದೂ ಕಾರಣ ಇರಬಹುದು ಎಂಬುದು. ಎದೆನೋವು, ಉಸಿರಾಟದ ತೊಂದರೆ ಕಂಡರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂಬ ಒಳ್ಳೆಯ ಸಲಹೆಯನ್ನೂ ಅವರು ಕೊಟ್ಟಿದ್ದರು. ಊರೂರಿಗೆ ಹಬ್ಬಿದ್ದು ಮಾತ್ರ ಲಸಿಕೆಯ ಸಾಲು. ಪರೀಕ್ಷೆ ಬರೆಯುವ ಮೊದಲೇ ಫಲಿತಾಂಶ ಹಚ್ಚಿದ ಹಾಗಾಯಿತು. ಸಮಿತಿ ಬೇಕು ಎಂದಮೇಲೆ ಕಾರಣದ ಊಹೆಯನ್ನು ಹತ್ತು ದಿನ ಬಾಯೊಳಗೇ ಇಟ್ಟುಕೊಳ್ಳಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ.

ಲಸಿಕೆಯ ವಿಷಯ ಬಂತಲ್ಲ, ಅದನ್ನೂ ಬಿಡಿಸಿ ನೋಡೋಣ. ಅಡ್ಡಪರಿಣಾಮವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಬಲು ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡದ್ದು ನಿಜ. ಆದರೆ ಅದು ಸೂಜಿ ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುವಂಥದು, ಮೂರು ನಾಲ್ಕು ವರ್ಷ ಕಾದು ಬರುವಂಥದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನ, ನೋಡಲು ಗಟ್ಟಿಮುಟ್ಟಾಗಿದ್ದವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿತು. ಎರಡು ಡೋಸ್ ತೆಗೆದುಕೊಂಡವರಲ್ಲಿ ಹಠಾತ್ ಸಾವಿನ ಸಂಭವ ಕಡಿಮೆಯೇ ಇತ್ತು. ಹೆಚ್ಚಿದ್ದು ಯಾರಿಗೆ? ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಹಠಾತ್ ಸಾವು ಇದ್ದವರಿಗೆ, ಸಾಯುವ ಮುನ್ನ ಎರಡು ದಿನದೊಳಗೆ ವಿಪರೀತ ಕುಡಿದವರಿಗೆ, ವಿಪರೀತ ದೇಹದಂಡನೆ ಮಾಡಿದವರಿಗೆ.

ಸಮಿತಿಯ ವರದಿ ಅದೇ ತಿಂಗಳು ಬಂತು. ನೋಡಿದ 24 ಸಾವುಗಳಲ್ಲಿ ನಾಲ್ಕು ಹೃದಯದ್ದೇ ಅಲ್ಲ. ಒಬ್ಬರಿಗೆ ಕಿಡ್ನಿ ಕಾಯಿಲೆ, ಇನ್ನೊಂದು ರಸ್ತೆ ಅಪಘಾತ, ಹೀಗೆ. ಅಪಘಾತದ ಸಾವೂ ಸ್ಕೋರಿಗೆ ಸೇರಿತ್ತು! ಉಳಿದವರಲ್ಲಿ ಸಕ್ಕರೆ, ಬಿ.ಪಿ., ಬೊಜ್ಜು, ಬೀಡಿ ಸಿಗರೇಟು, ಹೆಂಡ ಎಂಬ ಹಳೆಯ ಕಾರಣಗಳೇ ಸಿಕ್ಕವು. ಆಟೋ, ಟ್ಯಾಕ್ಸಿ ಓಡಿಸುವವರು ಗಮನ ಸೆಳೆಯುವಷ್ಟಿದ್ದರು. ನಿದ್ದೆಗೆಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ತಿಂದು, ದಿನವಿಡೀ ಕೂತೇ ಇರುವ ಕೆಲಸ ಅದು.

ಅಷ್ಟರಲ್ಲಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು. ಇಸಿಜಿ ಸರಿಯಿದೆ ಎಂದು ಕೇಳಿ ನಿರಾಳವಾಗುವ ಆಸೆ. ಇಸಿಜಿ ಎಂದರೆ ಹೃದಯದ ಮಿಡಿತದ ಆ ಹತ್ತು ಸೆಕೆಂಡಿನ ಚಿತ್ರ ಅಷ್ಟೇ. ರಕ್ತನಾಳದಲ್ಲಿ ಅರೆಬರೆ ಕೊಬ್ಬು ಕಟ್ಟಿದ್ದರೆ ನೋವಿಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ ಚೆನ್ನಾಗಿಯೇ ಬರುತ್ತದೆ. ನಾಳೆ ಆ ಕೊಬ್ಬಿನ ಪದರ ಬಿರಿದು ಹೆಪ್ಪುಗಟ್ಟಿದರೆ ಅಟ್ಯಾಕ್. ಹೆದರಿ ಬಂದವರ ಆ ಸಾಲಿನಲ್ಲಿ ನಿಜವಾಗಿ ನೋವಿದ್ದವರೂ ಕಾಯಬೇಕಾಗುತ್ತದೆ, ಅದೇ ಅಪಾಯ.

ನೋವು ಬಂದಾಗ ಮಾಡಬೇಕಾದ್ದು ಬೇರೆ. ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ ಹದಿನೈದಿಪ್ಪತ್ತು ನಿಮಿಷ ಇದ್ದರೆ, ಬೆವರಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿದು ಮಲಗಬಾರದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ವಾಕರಿಕೆ ಇರಬಹುದು. 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಒಗ್ಗದವರು, ರಕ್ತಸ್ರಾವದ ತೊಂದರೆ ಇರುವವರನ್ನು ಬಿಟ್ಟು ಉಳಿದವರು 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ನುಂಗದೆ ಅಗಿಯಬೇಕು. ಬೈಕ್ ತಾನೇ ಓಡಿಸಿಕೊಂಡು ಹೋಗಬಾರದು. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲನೆಯದು ಸರಿಯಿದ್ದು ನೋವು ನಿಲ್ಲದಿದ್ದರೆ ಮತ್ತೆ ತೆಗೆಯಿರಿ ಎಂದು ಕೇಳಿ. ಟ್ರೋಪೋನಿನ್ ರಕ್ತಪರೀಕ್ಷೆಯೂ ಹಾಗೆಯೇ. ಟ್ರೋಪೋನಿನ್ ಎಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಅಂಶ, ಅದು ಏರಲು ಕೆಲವು ಗಂಟೆ ಬೇಕು. ಬಂದ ಕೂಡಲೇ ಮಾಡಿದ್ದು ನೆಗೆಟಿವ್ ಬಂತೆಂದು ಮನೆಗೆ ಕಳಿಸಿದರೆ ಅದು ತಪ್ಪು.

ರಕ್ತನಾಳ ಪೂರ್ತಿ ಮುಚ್ಚಿದೆ ಎಂದು ಇಸಿಜಿ ತೋರಿಸಿದರೆ, ಆಂಜಿಯೋಪ್ಲಾಸ್ಟಿ, ಅಂದರೆ ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ, ಮಾಡುವ ಊರು ಎರಡು ಗಂಟೆಗಿಂತ ದೂರವಿದ್ದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡಬೇಕು. ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲ. ಹನ್ನೆರಡು ಗಂಟೆಯವರೆಗೆ ಕೊಡಬಹುದು, ಮೊದಲ ಮೂರು ಗಂಟೆಯಲ್ಲಿ ಗುಣ ಹೆಚ್ಚು. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಕೂಡದು. ಸಾವಿರಾರು ರೂಪಾಯಿ ಬೆಲೆಯ ಈ ಔಷಧಿಯನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ.

ಹಾಸನದ ಗದ್ದಲದ ಬಳಿಕ ಈ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಒಯ್ಯುವುದಾಗಿ, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡಲೇಬೇಕೆಂದು ಸರ್ಕಾರ ಘೋಷಿಸಿತು. ಜನ ಸೇರುವ ಕಡೆ ಎಇಡಿ, ಅಂದರೆ ಲಯ ತಪ್ಪಿ, ರಕ್ತ ತಳ್ಳದೆ ಬರೀ ಅದುರುವ ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ, ಇಡುವುದಾಗಿಯೂ ಹೇಳಿತು. ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆಯಲ್ಲಿ ಶಾಸಕರು ಆರೋಗ್ಯಾಧಿಕಾರಿಯನ್ನು ಕೇಳಬೇಕಾದ ಪ್ರಶ್ನೆಗಳು ಇವು: ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರು ಯಾರು? ಅದನ್ನು ಓದಿ ಹೇಳುವವರು ಎಷ್ಟು ನಿಮಿಷದಲ್ಲಿ ಹೇಳುತ್ತಾರೆ? ಇಂಜೆಕ್ಷನ್ ಎಷ್ಟು ಉಳಿದಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ? ಕಳೆದ ತಿಂಗಳು ನಮೂನೆ 4ರಲ್ಲಿ ಎಷ್ಟು ಕಡೆ ಬರೀ 'ಹೃದಯ ಸ್ತಂಭನ' ಎಂದು ಬರೆದಿದೆ? ಬಸ್ ನಿಲ್ದಾಣದಲ್ಲಿ ಎಇಡಿ ಇಟ್ಟಿದ್ದರೆ, ಆ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ?

ನಮಸ್ಕಾರ.